ಗಿರಕಿರಸಿಕರು

ಬಟ್ಟೆ ಒಗೆಯುವ ಯಂತ್ರ ಒಗೆಯುತ್ತಿರುವಾಗ ನೋಡಲು ಅಂಥ ಸ್ವಾರಸ್ಯವೇನೂ ಇರುವುದಿಲ್ಲ. ಅತ್ತ ಹೊರಳಿ, ಇತ್ತ ಹೊರಳಿ, ನೊರೆಯೆಬ್ಬಿಸಿಕೊಂಡು ತನ್ನ ಪಾಡಿಗೆ ತಾನು ಗೊಣಗುತ್ತಿರುತ್ತದೆ. ಅದಕ್ಕೆ ಮೈಯುಬ್ಬುವುದು ಒಗೆತವೆಲ್ಲ ಮುಗಿದು ಹಿಂಡುವ ಹೊತ್ತು ಬಂದಾಗ. ಒಳಗೆಲ್ಲೋ ‘ಟಕ್’ ಎಂದೊಂದು ಸದ್ದು. ಅರೆಗಳಿಗೆ ಮೌನ. ಆಮೇಲೆ, ನೀರು ಕುಡಿದು ಭಾರವಾದ ಬಟ್ಟೆಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ತೊಟ್ಟಿ, ಏಳಲೋ ಬೇಡವೋ ಎಂದು ಯೋಚಿಸುತ್ತಲೇ ತಿರುಗತೊಡಗುತ್ತದೆ. ಮೊದಲ ಸುತ್ತುಗಳಲ್ಲಿ ಯಾವ ಅಂಗಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು. ಇನ್ನಷ್ಟು ಹೊತ್ತಿಗೆ ನೀಲಿಯೂ ಹಳದಿಯೂ ಬೆರೆತು ಹೊಸದೊಂದು ಬಣ್ಣವಾಗುತ್ತದೆ. ಅದೂ ದಾಟಿದ ಮೇಲೆ ಅಂಗಿಯಿಲ್ಲ, ಲಂಗವಿಲ್ಲ. ಇರುವುದು ಗೋಡೆಗೆ ಅಂಟಿಕೊಂಡ ಒಂದು ದೊಡ್ಡ ಕೋಡುಬಳೆ, ಮತ್ತು ನೆಲದಿಂದ ಅಂಗಾಲಿಗೆ ಏರಿಬರುವ ಒಂದು ಝೇಂಕಾರ.

ಈ ಝೇಂಕಾರಕ್ಕೆ ಮನಸೋತವರು ಲೋಕದಲ್ಲಿ ಸಾಕಷ್ಟು ಜನರಿದ್ದಾರೆ. ಅವರನ್ನು ನಾನು ಗಿರಕಿರಸಿಕರು ಎಂದು ಕರೆಯುತ್ತೇನೆ. ಆ ಬಳಗದಲ್ಲಿ ನಾನೂ ಒಬ್ಬ. ಅಮೆರಿಕದ ಗಿರಕಿರಸಿಕರ ಮನೆಗಳ ನೆಲಮಾಳಿಗೆಯಲ್ಲಿ ಐವತ್ತು, ಅರವತ್ತು, ಎಪ್ಪತ್ತರ ದಶಕಗಳ ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಒಂದು ತಿಳಿಗುಲಾಬಿ, ಒಂದು ಬೆಣ್ಣೆಹಣ್ಣಿನ ಹಸಿರು, ಇನ್ನೊಂದು ಮಾಗಿದ ಪೈರಿನ ಹಳದಿ. ನೋಡುವುದಕ್ಕಷ್ಟೇ ಇಟ್ಟವಲ್ಲ, ನಲ್ಲಿಯೂ ಕರೆಂಟೂ ಜೋಡಿಸಿಕೊಂಡು ಕೆಲಸಕ್ಕೆ ಸಿದ್ಧವಾಗಿರುವಂಥವು. ಕೊಳೆ ಬಟ್ಟೆ ಸಿಗದ ದಿನ ಶುಚಿಯಾದ ಟವೆಲ್ಲುಗಳನ್ನೇ ಮತ್ತೆ ಹಾಕಿ ತಿರುಗಿಸುವುದುಂಟು. ಆಗಾಗ ಯಾರದಾದರೊಬ್ಬರ ಮನೆಯಲ್ಲಿ ಕೂಟ ಸೇರುತ್ತಾರೆ. ಆ ಕೂಟಕ್ಕೆ ‘ವಾಷ್-ಇನ್’ ಎಂದು ಹೆಸರು. ಬೆಳಗಿನಿಂದ ಸಂಜೆಯವರೆಗೆ ಒಂದರ ಹಿಂದೊಂದು ಯಂತ್ರ ಹಾಡುತ್ತದೆ, ಉಳಿದವರು ಕುರ್ಚಿ ಹಾಕಿಕೊಂಡು ಕೇಳುತ್ತಾರೆ. ಕೊಲರಾಡೋದ ಈಟನ್ ಎಂಬ ಊರಿನಲ್ಲಿ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಪ್ರಾಧ್ಯಾಪಕರು ಸಾವಿರಕ್ಕೂ ಹೆಚ್ಚು ಒಗೆಯುವ ಯಂತ್ರಗಳನ್ನು ಕೂಡಿಸಿ ಒಂದು ಸಂಗ್ರಹಾಲಯವನ್ನೇ ಮಾಡಿದರು.

ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದೆಂದರೆ ನೆನಪಾಗುವುದು ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಅವರ ಅಜ್ಜಿ. ಜಗತ್ತಿನ ಬಡತನ, ಆರೋಗ್ಯ, ಜನಸಂಖ್ಯೆಗಳ ಅಂಕಿಅಂಶಗಳನ್ನು ಕತೆಯಂತೆ ಹೇಳುತ್ತಿದ್ದ ಆ ವೈದ್ಯರು 2010ರ ಒಂದು ಭಾಷಣದಲ್ಲಿ ತಮ್ಮ ನಾಲ್ಕನೆಯ ವಯಸ್ಸಿನ ಒಂದು ದಿನವನ್ನು ವರ್ಣಿಸಿದ್ದರು. ಮನೆಗೆ ಮೊದಲ ಬಾರಿ ಒಗೆಯುವ ಯಂತ್ರ ಬಂದಿತ್ತು. ಅದರ ಆರಂಭಕ್ಕೆ ಅಜ್ಜಿಯನ್ನೂ ಕರೆಸಿದ್ದರು. ಬದುಕಿಡೀ ಸೌದೆ ಒಲೆಯಲ್ಲಿ ನೀರು ಕಾಯಿಸಿ ಏಳು ಮಕ್ಕಳ ಬಟ್ಟೆಯನ್ನು ಕೈಯಲ್ಲಿ ಒಗೆದ ಹೆಂಗಸು ಆಕೆ. ಗುಂಡಿ ಒತ್ತಿದ್ದು ಆಕೆಯೇ. ಆಮೇಲೆ ಕುರ್ಚಿ ಕೇಳಿ ತರಿಸಿಕೊಂಡು ಕೂತವರು, ಯಂತ್ರ ನಿಲ್ಲುವವರೆಗೂ ಏಳಲಿಲ್ಲವಂತೆ. ರೋಸ್ಲಿಂಗ್ ಅಲ್ಲಿಂದ ಮುಂದೆ ಯಂತ್ರ ಉಳಿಸಿಕೊಟ್ಟ ಸಮಯದ ಬಗ್ಗೆ, ಆ ಸಮಯದಲ್ಲಿ ತಾಯಿ ತನಗೆ ತಂದ ಪುಸ್ತಕಗಳ ಬಗ್ಗೆ ಮಾತಾಡುತ್ತಾರೆ. ನನ್ನ ಮನಸ್ಸು ಮಾತ್ರ ಅಜ್ಜಿಯ ಕುರ್ಚಿಯ ಬಳಿಯೇ ಉಳಿಯುತ್ತದೆ. ಉಳಿದ ಸಮಯದ ಮೊದಲ ಕಂತನ್ನು ಆಕೆ ಯಂತ್ರವನ್ನು ನೋಡುವುದಕ್ಕೇ ಖರ್ಚು ಮಾಡಿದರಲ್ಲ, ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಹೊಳೆಯದು.

ಸರಿ, ಅಷ್ಟು ನೋಡುವಂಥದ್ದು, ಕೇಳುವಂಥದ್ದು ಅದರಲ್ಲಿ ಏನಿದೆ? ಬಹಳ ಜನ ವೇಗ ಎನ್ನುತ್ತಾರೆ. ವೇಗವೇನೂ ಕಡಿಮೆಯದಲ್ಲ. ಕಾಲು ಮೀಟರ್ ತ್ರಿಜ್ಯದ ತೊಟ್ಟಿ ನಿಮಿಷಕ್ಕೆ 600 ಸುತ್ತು ತಿರುಗಿದರೆ, ಅದರ ಗೋಡೆಗೊರಗಿದ ಕರ್ಚೀಫು ತನ್ನ ತೂಕದ ನೂರು ಪಟ್ಟು ಬಲದಿಂದ ಒತ್ತಿಕೊಳ್ಳುತ್ತದೆ. ಸುತ್ತು 1,200 ಆದರೆ ಇನ್ನೂರು ಪಟ್ಟಲ್ಲ, ನಾನೂರು ಪಟ್ಟು. ಆಗ ಗೋಡೆಯ ಓಟ ಗಂಟೆಗೆ 113 ಕಿಲೋಮೀಟರ್. ಮನೆಯ ಮೂಲೆಯಲ್ಲಿ, ಸೋಪಿನ ಡಬ್ಬಿಯ ಪಕ್ಕದಲ್ಲಿ, ಎಕ್ಸ್‌ಪ್ರೆಸ್ ರೈಲಿನ ವೇಗ! ಜನರಲ್ ಮೋಟರ್ಸ್ ಕಂಪನಿಯ ಫ್ರಿಜಿಡೇರ್ ವಿಭಾಗ 1947ರಲ್ಲಿ ತಂದ ‘ಯುನಿಮ್ಯಾಟಿಕ್’ ಯಂತ್ರ ನಿಮಿಷಕ್ಕೆ 1,140 ಸುತ್ತು ತಿರುಗುತ್ತಿತ್ತು. ಆ ಕಾಲದ ಉಳಿದ ಯಂತ್ರಗಳು ಅದರ ಅರ್ಧದ ಆಸುಪಾಸಿನಲ್ಲೇ ತೃಪ್ತಿಪಡುತ್ತಿದ್ದವು. 1,140 ಎಂಬ ಅಂಕಿಯನ್ನು ಗಿರಕಿರಸಿಕರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ.

ಆದರೂ ಬರೀ ವೇಗಕ್ಕೆ ಮರುಳಾಗುವುದಾದರೆ ಮಿಕ್ಸಿಯನ್ನೇ ನೋಡುತ್ತ ಕೂರಬಹುದಿತ್ತು. ಗಿರಕಿಯ ರಸ ಇರುವುದು ವೇಗ ಮುಟ್ಟುವ ಬಗೆಯಲ್ಲಿ. ಇನ್ನೂ ಕರಾರುವಾಕ್ಕಾಗಿ ಹೇಳಬೇಕೆಂದರೆ, ಜಾರುವುದರಲ್ಲಿ.

ಹಳೆಯ ಅಮೆರಿಕನ್ ಯಂತ್ರಗಳ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 1,725 ಸುತ್ತಿನದು. ಸ್ವಿಚ್ ಬಿದ್ದ ಕ್ಷಣವೇ ಅದಕ್ಕೆ ಆ ವೇಗ ಮುಟ್ಟುವ ತವಕ. ತಡವಾದರೆ ಬಿಸಿಯಾಗಿ ಸುರುಳಿ ಸುಟ್ಟುಹೋದೀತು. ಇನ್ನೊಂದು ತುದಿಯಲ್ಲಿ ಒದ್ದೆ ಬಟ್ಟೆ ತುಂಬಿದ ತೊಟ್ಟಿ. ಅದಕ್ಕೆ ಯಾವ ಅವಸರವೂ ಇಲ್ಲ. ಇವೆರಡನ್ನೂ ಬಿಗಿಯಾಗಿ ಜೋಡಿಸಿದರೆ ಏನಾದರೊಂದು ಮುರಿಯುತ್ತದೆ. ಹಾಗಾಗಿ ನಡುವೆ ಜಾರುವಂಥದ್ದೊಂದನ್ನು ಇಡಲೇಬೇಕು. ಏನನ್ನು ಇಡಬೇಕು ಎಂಬಲ್ಲಿ ಒಂದೊಂದು ಮನೆತನದ್ದು ಒಂದೊಂದು ಜಾಣತನ. ಅಯೋವಾ ರಾಜ್ಯದ ನ್ಯೂಟನ್ ಎಂಬ ಊರಿನ ಮೇಟ್ಯಾಗ್ ಕಂಪನಿಯವರು ಮೋಟಾರನ್ನೇ ಸ್ಪ್ರಿಂಗು ಕಟ್ಟಿದ ಪುಟ್ಟ ಗಾಡಿಯ ಮೇಲೆ ಕೂರಿಸಿದರು. ಭಾರ ಹೆಚ್ಚಿದಾಗ ಮೋಟಾರು ತುಸು ಸರಿದುಕೊಳ್ಳುತ್ತದೆ, ಬೆಲ್ಟು ಸಡಿಲಾಗಿ ಜಾರುತ್ತದೆ, ತೊಟ್ಟಿ ವೇಗ ಹಿಡಿದಂತೆಲ್ಲ ತಾನಾಗಿ ಬಿಗಿಯಾಗುತ್ತದೆ. ಅದೇ ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ಒಗೆತ, ಎದುರು ದಿಕ್ಕಿಗೆ ತಿರುಗಿದರೆ ಹಿಂಡಿಕೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡಿಸಿದವರಿಗೆ ದೊಡ್ಡ ನಮಸ್ಕಾರ. ವರ್ಲ್‌ಪೂಲ್‌ನವರದು ಕ್ಲಚ್ಚಿನ ದಾರಿ. ಜನರಲ್ ಎಲೆಕ್ಟ್ರಿಕ್‌ನವರೂ ಕ್ಲಚ್ ಇಟ್ಟರು, ಮೋಟಾರಿನ ದಂಡದ ಮೇಲೆಯೇ. ಫ್ರಿಜಿಡೇರ್‌ನವರು ಮುಂದೆ ಬೆಲ್ಟೂ ಬೇಡ, ಹಲ್ಲುಚಕ್ರವೂ ಬೇಡ ಎಂದು ರೋಲರುಗಳನ್ನು ಒಂದಕ್ಕೊಂದು ಒತ್ತಿ ತಿರುಗಿಸುವ ಏರ್ಪಾಟು ಮಾಡಿದರು.

ಎಂಜಿನಿಯರುಗಳ ಲೆಕ್ಕದ ಪುಸ್ತಕದಲ್ಲಿ ಜಾರಿಕೆ ಎಂದರೆ ನಷ್ಟ. ಮೋಟಾರು ದುಡಿದದ್ದರಲ್ಲಿ ಒಂದು ಪಾಲು ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ಕೇಳುವ ಕಿವಿಗೆ ಯಂತ್ರದ ಕಂಠ ಇರುವುದೇ ಅಲ್ಲಿ. ಬೆಲ್ಟಿನ ಉಸಿರಾಟ ಬೇರೆ, ಕ್ಲಚ್ಚಿನ ನರಳಾಟ ಬೇರೆ, ರೋಲರಿನ ನುಣುಪು ಬೇರೆ. ಪಳಗಿದ ರಸಿಕರು ಬಾಗಿಲಾಚೆ ನಿಂತು, ಬರೀ ಏರುದನಿ ಕೇಳಿ, ಇದು ಇಂಥವರ ಯಂತ್ರ ಎಂದು ಹೇಳಬಲ್ಲರು. ಬೇರಿಂಗು ಸವೆದಿದೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಸ್ವರದ ಮಾತು ಬಂದದ್ದರಿಂದ ಒಂದು ಚಿಕ್ಕ ಸುತ್ತು ಹಾಕೋಣ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತದ್ದು. ಇಂಗ್ಲೆಂಡಿನದು, ನಮ್ಮದು 50. ಈ ಬಗೆಯ ಮೋಟಾರು ಕರೆಂಟಿನ ಆವರ್ತಕ್ಕೆ ಅಂಟಿಕೊಂಡು ತಿರುಗುವಂಥದ್ದು. ಆದ್ದರಿಂದ ಯುನಿಮ್ಯಾಟಿಕ್ ಒಂದನ್ನು ಹಡಗಿಗೇರಿಸಿ ತಂದು, ವೋಲ್ಟೇಜನ್ನು ಸರಿಹೊಂದಿಸಿ ಮೈಸೂರಿನಲ್ಲಿ ತಿರುಗಿಸಿದಿರಿ ಎನ್ನಿ, ಅದು 1,140ರ ಬದಲು 950ರ ಹತ್ತಿರ ನಿಲ್ಲುತ್ತದೆ. ಅದರ ದನಿಯೂ ಆರಕ್ಕೆ ಐದರಷ್ಟು ತಗ್ಗುತ್ತದೆ. ಆರಕ್ಕೆ ಐದು ಎಂದರೆ ನಮ್ಮ ಸಂಗೀತದವರಿಗೆ ಗೊತ್ತೇ ಇದೆ, ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು. ಅಟ್ಲಾಂಟಿಕ್ ದಾಟಿ ಬಂದದ್ದಕ್ಕೆ ಯಂತ್ರ ಶ್ರುತಿ ಇಳಿಸಿಕೊಂಡು ಹಾಡುತ್ತದೆ ಎಂಬುದು ನನಗೆ ಎಷ್ಟು ಸಲ ನೆನೆದರೂ ಹೊಸ ಸಂತೋಷ.

ಏರುವ ದಾರಿಯಲ್ಲಿ ಒಂದು ಗಂಡಾಂತರವಿದೆ. ಸ್ಪ್ರಿಂಗುಗಳ ಮೇಲೆ ತೂಗಿಬಿಟ್ಟ ಪ್ರತಿಯೊಂದು ತೊಟ್ಟಿಗೂ ತನ್ನದೇ ಒಂದು ತೂಗಾಟದ ಲಯವಿರುತ್ತದೆ. ತಿರುಗುವ ವೇಗ ಆ ಲಯಕ್ಕೆ ಸರಿಯಾಗಿ ಕೂಡಿದ ಗಳಿಗೆಯಲ್ಲಿ ಯಂತ್ರ ಇಡೀ ಮೈ ಅದುರಿಸಿ ಗಡಗಡ ಎನ್ನುತ್ತದೆ. ಮೇಲಿಟ್ಟ ಸೋಪಿನ ಡಬ್ಬಿ ನಡೆಯತೊಡಗುತ್ತದೆ. ಧೈರ್ಯವಾಗಿ ಅದನ್ನು ದಾಟಿದರೋ, ಆಚೆ ಅಚ್ಚರಿಯ ಶಾಂತಿ. ತೊಟ್ಟಿ ಆಗ ತನ್ನ ನಟ್ಟನಡುವಿನ ಸುತ್ತ ತಿರುಗುವುದನ್ನು ಬಿಟ್ಟು, ಒಂದು ಪಕ್ಕಕ್ಕೆ ಕೂಡಿದ ಬಟ್ಟೆಯ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತೂಕದ ಕೇಂದ್ರದ ಸುತ್ತ ತಿರುಗುತ್ತದೆ. ಈ ಮರ್ಮವನ್ನು ಮೊದಲು ಪಳಗಿಸಿ ದುಡಿಸಿಕೊಂಡವರಲ್ಲಿ ಸ್ವೀಡನ್ನಿನ ಗುಸ್ತಾಫ್ ಡೆ ಲಾವಲ್ ಒಬ್ಬರು. ತಮ್ಮ ಉಗಿ ಟರ್ಬೈನಿಗೆ ಬಾಗಬಲ್ಲ ತೆಳ್ಳನೆಯ ದಂಡ ಕೊಟ್ಟು ಆ ಗಂಡಾಂತರವನ್ನು ದಾಟಿಸಿದರು. ಅದಕ್ಕೂ ಮೊದಲು, 1878ರಲ್ಲಿ, ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ತೆಗೆಯುವ ಯಂತ್ರ ಮಾಡಿದವರೂ ಅವರೇ. ಜರ್ಮನಿಯಲ್ಲಿ ಕಾರ್ಲ್ ಮೀಲೆ ಮತ್ತು ರೈನ್‌ಹಾರ್ಡ್ ತ್ಸಿಂಕಾನ್ 1899ರಲ್ಲಿ ಕಂಪನಿ ತೆರೆದಾಗ ಮಾಡಿದ್ದೂ ಇಂಥ ಕೆನೆ ತೆಗೆಯುವ ಯಂತ್ರಗಳನ್ನೇ. ಆಮೇಲೆ ಬೆಣ್ಣೆ ಕಡೆಯುವ ಪೀಪಾಯಿ. ಕೆಲವೇ ವರ್ಷಗಳಲ್ಲಿ ಆ ಪೀಪಾಯಿಯನ್ನೇ ತಿದ್ದಿ ಬಟ್ಟೆ ಒಗೆಯಲು ಕೊಟ್ಟರು. ಒಗೆಯುವ ಯಂತ್ರದ ಹುಟ್ಟುಮನೆ ಹೀಗೆ ಹಾಲಿನ ಕೊಟ್ಟಿಗೆಗೆ ಅಂಟಿಕೊಂಡೇ ಇದೆ.

1937ರಲ್ಲಿ ಅಮೆರಿಕದಲ್ಲಿ ಬಂದ ಬೆಂಡಿಕ್ಸ್, ತಾನೇ ತುಂಬಿಕೊಂಡು, ಒಗೆದು, ಹಿಂಡುವ ಮೊದಲ ಮನೆಬಳಕೆಯ ಯಂತ್ರ. ಅದಕ್ಕೆ ಈ ತೂಗಾಟದ ಸುಖವಿರಲಿಲ್ಲ. ಕುಣಿದು ಓಡಿಹೋಗದಂತೆ ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. ಅದರ ಅದುರಾಟವೆಲ್ಲ ನೇರ ಮನೆಗೆ.

ನಮ್ಮ ಕಡೆಯವರಿಗೆ ಗಿರಕಿಯ ಪರಿಚಯವಾದದ್ದು ಬಹುಮಟ್ಟಿಗೆ ಎರಡು ತೊಟ್ಟಿಯ ಯಂತ್ರದಿಂದ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಊರಿನಲ್ಲಿ 1948ರಲ್ಲಿ ತೆರೆದು 2009ರಲ್ಲಿ ತಯಾರಿಕೆ ನಿಲ್ಲಿಸಿದ ಹೂವರ್ ಕಾರ್ಖಾನೆಯಿಂದ ಬಂದ ‘ಹೂವರ್‌ಮ್ಯಾಟಿಕ್’ ಇದೇ ಜಾತಿಯದು. ಬ್ರಿಟನ್ನಿನ ಹೆಂಗಸರು ಮರದ ಇಕ್ಕಳದಲ್ಲಿ ಬಿಸಿ ಬಟ್ಟೆಯನ್ನು ಒಂದರಿಂದೆತ್ತಿ ಇನ್ನೊಂದಕ್ಕೆ ಹಾಕುತ್ತಿದ್ದರು. ನಮ್ಮಲ್ಲಿ ಬರಿಗೈ. ಚಿಕ್ಕ ತೊಟ್ಟಿಗೆ ‘ಡ್ರೈಯರ್’ ಎಂದೇ ಎಲ್ಲ ಮನೆಗಳಲ್ಲೂ ಹೆಸರು, ಅದು ಬಿಸಿಗಾಳಿ ಊದದಿದ್ದರೂ. ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ತಟ್ಟೆ ಒತ್ತಿ, ಮುಚ್ಚಳ ಹಾಕಿ, ಕಿರ್ರೆನ್ನುವ ಟೈಮರ್ ತಿರುಗಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿನದು. ‘ಬೆಡ್‌ಶೀಟ್ ಸರಿಯಾಗಿ ಕೂರಿಸೋ, ಕುಣೀತಿದೆ ನೋಡು’ ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ನೋಡದೆ, ದನಿಯಿಂದಲೇ ಅವಳಿಗೆ ತಿಳಿಯುತ್ತಿತ್ತು. ಮಳೆಗಾಲದಲ್ಲಿ ವಾರವಾದರೂ ಒಣಗದ ಟವೆಲ್ಲು ಅಂಗೈಗೆ ಅರೆಬೆಚ್ಚಗೆ, ಬಹುತೇಕ ಒಣಗಿಯೇ ಬರುತ್ತಿದ್ದದ್ದು ದೊಡ್ಡ ಉಪಕಾರ. ನನಗೆ ಮುಖ್ಯವಾಗಿದ್ದದ್ದು ಮುಚ್ಚಳ ತೆರೆದ ಕೂಡಲೇ ಬ್ರೇಕು ಬಿದ್ದು ಆ ಝೇಂಕಾರ ಮೆಟ್ಟಿಲಿಳಿಯುತ್ತಿದ್ದ ಪರಿ.

ಈಗಿನ ಯಂತ್ರಗಳು ಬಲು ವಿವೇಕಿಗಳು. ಎರಡು ಸುತ್ತು ತಿರುಗಿ ನಿಲ್ಲುತ್ತವೆ, ಭಾರ ಯಾವ ಕಡೆ ಕೂಡಿದೆ ಎಂದು ಅಳೆಯುತ್ತವೆ, ಬಟ್ಟೆ ಕೆದರುತ್ತವೆ, ಮತ್ತೆ ತಿರುಗುತ್ತವೆ, ಮತ್ತೆ ನಿಲ್ಲುತ್ತವೆ. ನೀರೂ ಕರೆಂಟೂ ಉಳಿಯುತ್ತವೆ, ಬೇರಿಂಗಿನ ಆಯುಷ್ಯವೂ ಹೆಚ್ಚುತ್ತದೆ. ಕೇಳುವುದಕ್ಕೆ ಮಾತ್ರ ಅವು ನನಗೆ ಹಿಡಿಸುವುದಿಲ್ಲ. ಆರಂಭಿಸಿದ ಏರುದನಿಯನ್ನು ನಡುವೆ ನುಂಗಿಕೊಳ್ಳುವವರ ಮುಂದೆ ಎಷ್ಟು ಹೊತ್ತು ಕಾಯುವುದು? ಹಳೆಯ ಯಂತ್ರ ಒಮ್ಮೆ ಹೊರಟಿತೆಂದರೆ ಹೊರಟಿತು. ಹಲವು ಹಳೆಯ ಮಾದರಿಗಳು ಮುಚ್ಚಳ ತೆರೆದಿದ್ದರೂ ತಿರುಗುತ್ತಿದ್ದವು. ಕೈ ಹಾಕಿದವರಿಗೆ ಅಪಾಯ, ಕಣ್ಣು ಹಾಕಿದವರಿಗೆ ಹಬ್ಬ.

ಗಿರಕಿರಸಿಕರಲ್ಲೂ ಎರಡು ಪಂಗಡಗಳಿವೆ. ಜಗಳ ತೊಟ್ಟಿಯ ನೀರನ್ನು ಯಾವಾಗ ಬಿಡಬೇಕೆಂಬುದರ ಬಗ್ಗೆ. ವರ್ಲ್‌ಪೂಲ್ ಸಂಪ್ರದಾಯದ ಹಳೆಯ ಯಂತ್ರಗಳು ಮೊದಲು ನಿಂತಲ್ಲೇ ನೀರೆಲ್ಲ ಖಾಲಿ ಮಾಡಿ ಆಮೇಲೆ ತಿರುಗುತ್ತವೆ. ಇದು ‘ನ್ಯೂಟ್ರಲ್ ಡ್ರೇನ್’. ಮೇಟ್ಯಾಗ್‌ನಂಥವು ತುಂಬಿದ ತೊಟ್ಟಿಯನ್ನೇ ತಿರುಗಿಸುತ್ತ, ತಿರುಗಿಸುತ್ತಲೇ ನೀರು ಬಿಡುತ್ತವೆ. ಇದು ‘ಸ್ಪಿನ್ ಡ್ರೇನ್’. ಮೊದಲ ಪಂಗಡದವರು ಮೋಟಾರಿಗೂ ಕ್ಲಚ್ಚಿಗೂ ದಣಿವು ಕಡಿಮೆ ಎನ್ನುತ್ತಾರೆ. ಎರಡನೆಯವರು, ನಿಂತ ನೀರು ಬಟ್ಟೆಯ ಮೂಲಕ ಇಳಿದರೆ ತೇಲುವ ಕೊಳೆಯೆಲ್ಲ ಬಟ್ಟೆಯಲ್ಲೇ ಸೋಸಿ ಉಳಿಯುತ್ತದೆ ಎನ್ನುತ್ತಾರೆ. ನನ್ನ ಮತ ಸ್ಪಿನ್ ಡ್ರೇನಿಗೆ, ಆದರೆ ಕೊಳೆಯ ಕಾರಣಕ್ಕಲ್ಲ. ಗೋಡೆಯಲ್ಲಿ ತೂತಿಲ್ಲದ ತೊಟ್ಟಿಯ ಹಳೆಯ ಯಂತ್ರಗಳಲ್ಲಿ ಸ್ಪಿನ್ ಡ್ರೇನ್ ನೋಡಬೇಕು. ಮೊದಲು ತೊಟ್ಟಿ ಮಾತ್ರ ತಿರುಗುತ್ತದೆ, ನೀರು ಸುಮ್ಮನಿರುತ್ತದೆ. ಬರಬರುತ್ತ ನೀರಿಗೂ ಸುತ್ತು ಹಿಡಿಯುತ್ತದೆ; ನಡುವೆ ತಗ್ಗಾಗುತ್ತದೆ, ಅಂಚಿನಲ್ಲಿ ಏರುತ್ತದೆ. ಕೊನೆಗೆ ನೊರೆ ಸಮೇತ ತೊಟ್ಟಿಯ ಬಾಯಿ ಹತ್ತಿ ಹೊರಗೆ ಹಾರುತ್ತದೆ. ಹುರಿಗೊಳಿಸಿದ ಹಗ್ಗಕ್ಕೆ ನೀರಿನ ಬಕೆಟ್ಟು ಕಟ್ಟಿ ಬಿಟ್ಟು, ಐಸಾಕ್ ನ್ಯೂಟನ್ ಇದನ್ನೇ ಕಣ್ಣಿಟ್ಟು ನೋಡಿ 1687ರ ‘ಪ್ರಿನ್ಸಿಪಿಯಾ’ದಲ್ಲಿ ಬರೆದರು. ನೀರು ಅಂಚಿಗೆ ಏರುವುದು ಯಾವುದಕ್ಕೆ ಹೋಲಿಸಿ ತಿರುಗುತ್ತಿರುವುದರಿಂದ ಎಂದು ಅವರು ಕೇಳಿದ ಪ್ರಶ್ನೆಗೆ ತತ್ತ್ವಜ್ಞರೂ ಭೌತವಿಜ್ಞಾನಿಗಳೂ ಇನ್ನೂರು ಚಿಲ್ಲರೆ ವರ್ಷ ತಲೆ ಕೆಡಿಸಿಕೊಂಡರು. ಅದೇ ಬಕೆಟ್ಟು ನೆಲಮಾಳಿಗೆಯಲ್ಲಿ, ಟವೆಲ್ಲುಗಳ ಸಮೇತ, ಗುಂಡಿ ಒತ್ತಿದಾಗಲೆಲ್ಲ ತಿರುಗುವುದಾದರೆ ನ್ಯೂಟ್ರಲ್ ಡ್ರೇನಿನವರ ವಾದವನ್ನು ನಾನು ಹೇಗೆ ಒಪ್ಪಲಿ?