ಹಿತ್ತಲಿನ ಮಡಿ

ನನ್ನ ತಮ್ಮನ ಹೆಂಡತಿ ಮಡಿಗಿಡಿ ಮಾಡುವವಳಲ್ಲ. ಮದುವೆಯಾಗಿ ಮೈಸೂರಿನ ನಮ್ಮ ಮನೆಗೆ ಬಂದ ಹೊಸದರಲ್ಲೇ ಅಡುಗೆಮನೆಯ ಹೊಸಿಲು ದಾಟುವ ನಿಯಮಗಳನ್ನೆಲ್ಲ ನಗುನಗುತ್ತಲೇ ಮೂಲೆಗೆ ಸೇರಿಸಿದ್ದಳು. ಅಂಥವಳು ಇಂಗ್ಲೆಂಡಿನ ರೀಡಿಂಗ್ ಊರಿನ ತನ್ನ ಹಿತ್ತಲಲ್ಲಿ ನಿಂತು, "ಭಾವ, ಅದನ್ನ ಮುಟ್ಟಿದ ಕೈಲಿ ಇದನ್ನ ಮುಟ್ಟಬೇಡಿ, ಮೊದಲು ಕೈ ತೊಳ್ಕೊಂಡು ಬನ್ನಿ" ಅಂದಾಗ ನಮ್ಮ ಅಜ್ಜಿಯೇ ಜೀನ್ಸ್ ತೊಟ್ಟು ಬಂದಳೇನೋ ಅನ್ನಿಸಿತು.

ಅವಳ ಹಿತ್ತಲಲ್ಲಿ ಮೂರು ಜಾತಿಯ ಆಮೆಗಳಿವೆ. ಹರ್ಮನ್ ಎಂಬುದು ಸ್ಪೇನಿನಿಂದ ಬಾಲ್ಕನ್ ದೇಶಗಳವರೆಗಿನ ಮೆಡಿಟರೇನಿಯನ್ ಕರಾವಳಿಯದು. ಬಾಲದ ತುದಿಯಲ್ಲಿ ಒಂದು ಮುಳ್ಳಿರುತ್ತದೆ. ಹಾರ್ಸ್‌ಫೀಲ್ಡ್ ಮಧ್ಯ ಏಷ್ಯಾದ್ದು. ಮುಂಗಾಲಿನಲ್ಲಿ ನಾಲ್ಕೇ ಉಗುರು. ಮೂರನೆಯದು ದಕ್ಷಿಣ ಅಮೆರಿಕದ ಕೆಂಪುಗಾಲಿನ ಆಮೆ. ಮೂರಕ್ಕೂ ಬೇರೆ ಬೇರೆ ಆವರಣ, ಬೇರೆ ಬೇರೆ ನೀರಿನ ತಟ್ಟೆ, ಲದ್ದಿ ಎತ್ತುವ ಸಲಿಕೆಗಳೂ ಬೇರೆ ಬೇರೆ. ಒಂದರ ತಟ್ಟೆ ಇನ್ನೊಂದರ ಜಾಗಕ್ಕೆ ಹೋದರೆ ಅವತ್ತು ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ.

ನಾನು ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಎರಡು ಸೀಟಿನಲ್ಲಿ ಮೂವರು ಕೂರುವುದು, ಒಂದು ರೂಮಿನಲ್ಲಿ ನಾಲ್ವರು ಇರುವುದು, ಎಲ್ಲದಕ್ಕೂ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುವುದು ನನ್ನ ರಕ್ತದಲ್ಲೇ ಇದೆ. ಇಷ್ಟುದ್ದ ಹಿತ್ತಲಿದೆ, ಮೂರೂ ಆಮೆಗಳೇ ತಾನೆ, ಒಟ್ಟಿಗೆ ಬಿಟ್ಟರೆ ಒಂದಕ್ಕೊಂದು ಜೊತೆಯಾಗುವುದಿಲ್ಲವೆ ಎಂದು ಕೇಳಿದೆ. ತಮ್ಮ ಪಕ್ಕಕ್ಕೆ ಸರಿದು ನಿಂತ. ಉತ್ತರ ಕೊಡುವ ಖಾತೆ ಹೆಂಡತಿಯದು.

"ಭಾವ, ನೋಡೋಕೆ ಚೆನ್ನಾಗಿರೋ ಆಮೆಯೊಳಗೂ ವೈರಸ್ ಇರಬಹುದು" ಎಂದಳು. ಹರ್ಪಿಸ್ ಜಾತಿಯ ಒಂದು ವೈರಸ್ ಆಮೆಯ ಮೈ ಹೊಕ್ಕರೆ ಬದುಕಿರುವವರೆಗೂ ಬಿಡುವುದಿಲ್ಲವಂತೆ. ಹೊತ್ತ ಆಮೆ ತಿಂದುಂಡು ಓಡಾಡಿಕೊಂಡಿರುತ್ತದೆ. ಅದೇ ವೈರಸ್ ಬೇರೊಂದು ಜಾತಿಗೆ ತಗುಲಿದರೆ ಬಾಯಿಯೊಳಗೆ ಹುಣ್ಣೆದ್ದು, ತಿನ್ನಲಾರದೆ ಸಾಯಬಹುದು. ಮೈಕೊಪ್ಲಾಸ್ಮಾ ಎಂಬ ಇನ್ನೊಂದು ಸೂಕ್ಷ್ಮಜೀವಿಯಿಂದ ಮೂಗು ಸೋರುವ ರೋಗ. ಸಾವಿರಾರು ಮೈಲಿ ದೂರ ದೂರ ಹುಟ್ಟಿ ಬೆಳೆದ ಜಾತಿಗಳು ಒಂದರ ರೋಗವನ್ನು ಇನ್ನೊಂದು ಕಂಡೇ ಇಲ್ಲ. ಅದಕ್ಕೇ ಹೊಸದಾಗಿ ತಂದ ಆಮೆಯನ್ನು, ಅದು ಅದೇ ಜಾತಿಯದಾದರೂ, ಕಡಿಮೆಯೆಂದರೆ ಆರು ತಿಂಗಳು ಪ್ರತ್ಯೇಕ ಇಡುತ್ತಾರೆ. ಒಂದು ವರ್ಷ ಇಡುವವರೂ ಇದ್ದಾರೆ. ನಾನು ಕೈ ತೊಳೆದುಕೊಂಡು ಬಂದೆ.

ಅಜ್ಜಿಯ ಮಡಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಅಲ್ಲಿ ಯಾರೋ ಮೇಲು, ಯಾರೋ ಕೀಳು. ಮೈಲಿಗೆ ಯಾವಾಗಲೂ ಕೆಳಗಿನವರದೇ. ಇಲ್ಲಿ ಹರ್ಮನ್ನಿಂದ ಹಾರ್ಸ್‌ಫೀಲ್ಡನ್ನೂ ಹಾರ್ಸ್‌ಫೀಲ್ಡ್‌ನಿಂದ ಹರ್ಮನ್ನನ್ನೂ ಸಮಸಮವಾಗಿ ಕಾಯಬೇಕು. ಇಂಥ ಮಡಿಗೆ ನನ್ನ ತಕರಾರಿಲ್ಲ.

ರೋಗದ ಮಾತು ಬಿಟ್ಟರೂ ಇವು ಒಂದೇ ಪಂಕ್ತಿಯಲ್ಲಿ ಕೂರುವ ಗಿರಾಕಿಗಳಲ್ಲ. ಹರ್ಮನ್‌ಗೂ ಹಾರ್ಸ್‌ಫೀಲ್ಡ್‌ಗೂ ನಾರಿನ ಸೊಪ್ಪೇ ಊಟ. ಊರಿನವರೆಲ್ಲ ಹುಲ್ಲುಹಾಸಿನಿಂದ ಕಿತ್ತೆಸೆಯುವ ಡ್ಯಾಂಡೆಲಿಯಾನ್ ಕಳೆಯನ್ನು ಇವಳು ಬೀಜ ತಂದು ಬಿತ್ತುತ್ತಾಳೆ. ಹಣ್ಣು ಕೊಟ್ಟರೆ ಅವಕ್ಕೆ ಹೊಟ್ಟೆ ಕೆಡುತ್ತದೆ. ಕೆಂಪುಗಾಲಿನದು ಕಾಡಿನ ಜೀವ. ಬಿದ್ದ ಹಣ್ಣು, ಅಣಬೆ, ಸಿಕ್ಕರೆ ಒಂದಿಷ್ಟು ಮಾಂಸ, ಎಲ್ಲ ಬೇಕು. ಅದಕ್ಕೆ ತೇವ, ಹಾರ್ಸ್‌ಫೀಲ್ಡ್‌ಗೆ ಒಣನೆಲ. ಒಬ್ಬರಿಗೆ ಹಿತವಾದ ಮಣ್ಣು ಇನ್ನೊಬ್ಬರಿಗೆ ಕೆಮ್ಮು.

ಗಂಡುಗಳ ಜಗಳ ಬೇರೆ. ಆಮೆಯೆಂದರೆ ಸಾಧು ಎಂದು ನಂಬಿದ್ದ ನಾನು ಹರ್ಮನ್ ಗಂಡನ್ನು ನೋಡಿ ನಂಬಿಕೆ ಬದಲಿಸಿದೆ. ನನ್ನ ಕರಿ ಬೂಟಿನ ತುದಿ ಅದಕ್ಕೆ ಇನ್ನೊಂದು ಗಂಡಿನ ಹಾಗೆ ಕಂಡಿರಬೇಕು. ಕತ್ತನ್ನು ಒಳಗೆಳೆದುಕೊಂಡಿತು, ಹಿಂಗಾಲು ಊರಿ ಮೈ ಹಿಂದಕ್ಕೆ ಜರುಗಿಸಿತು, ಆಮೇಲೆ ಚಿಪ್ಪಿನ ಮುಂದಂಚಿನಿಂದ ಟಕ್ಕೆಂದು ಗುದ್ದಿತು. ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಟಕ್. ನಾನು ಕಾಲು ತೆಗೆದರೂ ಬಿಡದೆ ಅಟ್ಟಿಸಿಕೊಂಡು ಬಂದು ಲೇಸು ಕಚ್ಚಿತು. ಬೂಟಾದ್ದರಿಂದ ಬಚಾವು. ಎದುರಿಗಿರುವುದು ಇನ್ನೊಂದು ಆಮೆಯಾದರೆ ಅದರ ಕಾಲನ್ನು ಕಚ್ಚಿ, ಮಗುಚಿ ಹಾಕುವುದೂ ಉಂಟು. ಅಂಗಾತ ಬಿದ್ದ ಆಮೆ ಮೇಲೇಳಲಾರದೆ ಬಿಸಿಲಲ್ಲೇ ಉಳಿದರೆ ಕೆಲವು ಗಂಟೆಗಳಲ್ಲಿ ಸಾಯಬಹುದು. ಹೆಣ್ಣನ್ನೂ ಸುಮ್ಮನೆ ಬಿಡುವುದಿಲ್ಲ. ಬೇರೆ ಜಾತಿಯದಾದರೂ ಬೆನ್ನು ಹತ್ತುತ್ತದೆ.

ಆವರಣ ಕಟ್ಟುವುದೂ ಒಂದು ವಿದ್ಯೆ. ಮರದ ಹಲಗೆಯ ಗೋಡೆ, ಆಚೆ ಕಾಣಬಾರದು. ಜಾಲರಿ ಬೇಲಿ ಹಾಕಿದರೆ ಹೊರಗಿನ ಹಸಿರು ಕಂಡು, ಅಲ್ಲಿಗೆ ಹೋಗಲೇಬೇಕೆಂದು ದಿನವಿಡೀ ಬೇಲಿಗೆ ಮೂತಿ ಉಜ್ಜುತ್ತ ಅತ್ತಿಂದಿತ್ತ ಓಡಾಡುತ್ತದಂತೆ. ಕಾಣದಿದ್ದರೆ ಆಸೆಯೂ ಇಲ್ಲ. ಹಾರ್ಸ್‌ಫೀಲ್ಡ್ ತೋಡುವುದರಲ್ಲಿ ಪ್ರವೀಣ, ಆದ್ದರಿಂದ ಗೋಡೆ ನೆಲದೊಳಗೂ ಒಂದಡಿ ಇಳಿಯಬೇಕು. ಮೂಲೆಗಳಲ್ಲಿ ಹತ್ತುವುದು ಸುಲಭ, ಅಲ್ಲಿ ಮೇಲೊಂದು ಅಡ್ಡಪಟ್ಟಿ. ಎರಡು ಆವರಣಗಳ ನಡುವೆ ಒಂದೇ ಗೋಡೆ ಸಾಲದೆಂದು ಇವರು ಎರಡು ಕಟ್ಟಿ ಮಧ್ಯೆ ಓಣಿ ಬಿಟ್ಟಿದ್ದಾರೆ. ನಮ್ಮ ಸೈಟು ವ್ಯಾಜ್ಯಗಳಿಗೂ ಇದೇ ಪರಿಹಾರವೇನೋ. ಇಂಗ್ಲೆಂಡಿನ ಊರುಗಳಲ್ಲಿ ಕತ್ತಲಾದರೆ ನರಿ ಬೀದಿಗೇ ಬರುತ್ತದೆ. ಹಗಲಲ್ಲಿ ಕಾಗೆ ಬಳಗದ ಮ್ಯಾಗ್‌ಪೈ ಮರಿಗಳ ಮೇಲೆ ಎರಗುತ್ತದೆ. ಹಾಗಾಗಿ ಮರಿಗಳಿಗೆ ಮೇಲೂ ಬಲೆ. ಕಣಗಿಲೆಯಂಥ ವಿಷದ ಗಿಡಗಳಿಗೆ ಆ ಹಿತ್ತಲಲ್ಲಿ ಪ್ರವೇಶವಿಲ್ಲ.

ಹಾರ್ಸ್‌ಫೀಲ್ಡ್ ಮೇಲೆ ನನಗೆ ವಿಶೇಷ ಗೌರವ. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಝೋಂಡ್ 5 ನೌಕೆಯಲ್ಲಿ ಈ ಜಾತಿಯ ಎರಡು ಆಮೆಗಳು ಚಂದ್ರನನ್ನು ಸುತ್ತಿ ಬಂದವು, ಮನುಷ್ಯರಿಗಿಂತ ಮೊದಲೇ. ಇಳಿದದ್ದು ಹಿಂದೂ ಮಹಾಸಾಗರದಲ್ಲಿ. ತೂಕ ಸ್ವಲ್ಪ ಇಳಿದಿತ್ತು, ಹಸಿವು ಮಾತ್ರ ಚೆನ್ನಾಗಿತ್ತಂತೆ.

ಚಳಿಗಾಲದ ಕಥೆ ಹೇಳದಿದ್ದರೆ ಅಪೂರ್ಣ. ಹರ್ಮನ್‌ಗೂ ಹಾರ್ಸ್‌ಫೀಲ್ಡ್‌ಗೂ ಚಳಿಯಲ್ಲಿ ದೀರ್ಘನಿದ್ದೆ ಬೇಕು. ಕೆಂಪುಗಾಲಿನದನ್ನು ಹಾಗೆ ಮಲಗಿಸಿದರೆ ಏಳುವುದೇ ಇಲ್ಲ. ಅದಕ್ಕೆ ಮನೆಯೊಳಗೆ ಬೆಚ್ಚನೆಯ ದೀಪ. ಹಾಗಾದರೆ ಮಲಗುವವು ಎಲ್ಲಿ? ಫ್ರಿಜ್‌ನಲ್ಲಿ. ತಮಾಷೆಯಲ್ಲ. ಗ್ಯಾರೇಜಿನಲ್ಲಿ ಅದಕ್ಕೆಂದೇ ಒಂದು ಫ್ರಿಜ್, ಸುಮಾರು 5 ಡಿಗ್ರಿ ಸೆಲ್ಸಿಯಸ್. ಶೂನ್ಯಕ್ಕಿಳಿದರೆ ಕಣ್ಣು ಹೋಗಬಹುದು, 10 ದಾಟಿದರೆ ಎಚ್ಚರವಾಗಿ ಮೈಯ ಕೊಬ್ಬು ಕರಗುತ್ತದೆ. ಮಲಗಿಸುವ ಕೆಲವು ವಾರ ಮೊದಲೇ ಊಟ ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸಬೇಕು. ಗಾಳಿಯಾಡಲೆಂದು ತಮ್ಮ ಆಗಾಗ ಬಾಗಿಲು ತೆರೆಯುತ್ತಾನೆ, ತೂಕ ನೋಡಿ ಬರೆದಿಡುತ್ತಾನೆ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ: "ಅದೇ ಫ್ರಿಜ್‌ನಲ್ಲಿ ಹಾಲಿಟ್ಟಿಲ್ಲ ತಾನೆ?"

ರೀಡಿಂಗ್‌ಗೆ ತೀರಾ ದೂರವಲ್ಲದ ಸೆಲ್‌ಬೋರ್ನ್ ಹಳ್ಳಿಗೂ ಹೋಗಿಬಂದೆವು. ಅಲ್ಲಿನ ಪಾದ್ರಿ ಗಿಲ್ಬರ್ಟ್ ವೈಟ್ 1780ರಲ್ಲಿ ತೀರಿಹೋದ ಅತ್ತೆಯ ಮನೆಯಿಂದ ತಿಮೊತಿ ಎಂಬ ಆಮೆಯನ್ನು ತಂದು ತೋಟದಲ್ಲಿ ಬಿಟ್ಟುಕೊಂಡ, ಅದು ಮಲಗಿದ್ದು ಎದ್ದದ್ದೆಲ್ಲ ವರ್ಷಗಟ್ಟಲೆ ಬರೆದಿಟ್ಟ. ಗಂಡಸಿನ ಹೆಸರಿನ ತಿಮೊತಿ ಹೆಣ್ಣೆಂದು ತಿಳಿದದ್ದು ಸತ್ತ ಮೇಲೆ. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಅಷ್ಟು ವರ್ಷ ಒಂಟಿಯಾಗಿ ಬಾಳಿದ್ದಕ್ಕೆ ನನಗೆ ಮರುಕ ಬಂತು. ಒಂಟಿತನ ನಮ್ಮ ಕಾಯಿಲೆ, ಆಮೆಯದಲ್ಲ ಎಂದಳು ತಮ್ಮನ ಹೆಂಡತಿ. ಈ ಹಠಮಾರಿಯ ಮಾತನ್ನು ಈಗ ಒಪ್ಪುತ್ತೇನೆ. ಜೊತೆ ಬೇಕೆನ್ನುವುದು ನೋಡುವವರ ಆಸೆ.

ಇಷ್ಟು ಓದಿ ನಮ್ಮಲ್ಲೂ ಒಂದೆರಡು ಸಾಕೋಣ ಎಂದು ಯಾರಿಗಾದರೂ ಅನಿಸಿದರೆ ಒಂದು ಮಾತು. ಕೊಂಡರೆ ಅದೃಷ್ಟ ಎಂದು ನಮ್ಮಲ್ಲಿ ಗುಟ್ಟಾಗಿ ಮಾರುವುದು ಹೆಚ್ಚಾಗಿ ನಕ್ಷತ್ರ ಆಮೆಯನ್ನು. ವಾಯವ್ಯ ಭಾರತ, ದಕ್ಷಿಣ ಭಾರತ, ಶ್ರೀಲಂಕಾ, ಹೀಗೆ ಮೂರು ಕಡೆ ಬಿಡಿಬಿಡಿಯಾಗಿ ಬದುಕಿರುವ ಜೀವ ಅದು. ಕಳ್ಳಸಾಗಣೆಯವರು ಸಿಕ್ಕಿದ್ದನ್ನೆಲ್ಲ ಒಂದೇ ಸೂಟ್‌ಕೇಸಿಗೆ ತುಂಬುವುದರಿಂದ, ಹಿಡಿದ ಮೇಲೂ ಯಾವುದು ಎಲ್ಲಿಯದು, ಯಾವ ಕಾಡಿಗೆ ಬಿಡಬೇಕು ಎಂಬ ಗೊಂದಲ ತೀರುವುದಿಲ್ಲ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ಮರಳಿ ಬಂದಾಗ ಅವನ್ನೂ ನೇರ ಕಾಡಿಗೆ ಬಿಡಲಿಲ್ಲ, ಮೊದಲು ಪ್ರತ್ಯೇಕ ಇಟ್ಟರು. 2019ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ದೇಶದೇಶಗಳ ನಡುವೆ ಈ ಜಾತಿಯ ವಾಣಿಜ್ಯ ವ್ಯಾಪಾರವನ್ನೇ ನಿಷೇಧಿಸಿತು. ದಾರಿಯಲ್ಲಿ ಒಂದು ಕಂಡರೆ ಅದು ಹೊರಟ ದಿಕ್ಕಿಗೇ ದಾಟಿಸಿ ಬಿಡಿ. ಯಾರದೋ ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿದರೆ, ಮಾರಿದರೆ ಕನಿಷ್ಠ ಮೂರು ವರ್ಷ ಜೈಲು.