ಫ್ರೀಮಾಂಟಿನ ಅಕ್ಕತಂಗಿಯರು

ಬಾಸ್ಟನ್, ಭಾನುವಾರ

ಪ್ರೀತಿಯ ತಮ್ಮ,

ನಿಮ್ಮ ಬ್ಯಾಂಡಿನ ಹುಡುಗರೆಲ್ಲ ಕೈಯಿಂದ ದುಡ್ಡು ಹಾಕಿ ಆಲ್ಬಂ ರೆಕಾರ್ಡ್ ಮಾಡಿಸಲು ಹೊರಟಿದ್ದೀರಿ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ಹಾಗಾದರೆ ಈ ಕಡೆಯ ಮೂವರು ಅಕ್ಕತಂಗಿಯರ ಕಥೆ ನಿನಗೆ ತಿಳಿದಿರಲೇಬೇಕು. ಅವರ ಬ್ಯಾಂಡಿನ ಹೆಸರು ಶ್ಯಾಗ್ಸ್.

ಬಾಸ್ಟನ್ ಬಿಟ್ಟು ಉತ್ತರಕ್ಕೆ ಹೋದರೆ ನ್ಯೂ ಹ್ಯಾಂಪ್‌ಷೈರ್ ರಾಜ್ಯ. ಅಲ್ಲಿನ ಫ್ರೀಮಾಂಟ್ ತೀರಾ ಸಣ್ಣ ಊರು. ಅಲ್ಲಿದ್ದ ಆಸ್ಟಿನ್ ವಿಗಿನ್ ಎಂಬಾತ ಹತ್ತಿರದ ಎಕ್ಸಿಟರ್‌ನ ಗಿರಣಿಯಲ್ಲಿ ಕಾರ್ಮಿಕ. ಚಿಕ್ಕಂದಿನಲ್ಲಿ ಅವನ ತಾಯಿ ಅಂಗೈ ನೋಡಿ ಮೂರು ಭವಿಷ್ಯ ಹೇಳಿದ್ದಳಂತೆ: ಕೆಂಚುಗೂದಲಿನವಳನ್ನು ಮದುವೆಯಾಗುತ್ತೀಯೆ, ನಾನು ಸತ್ತಮೇಲೆ ನಿನಗೆ ಇಬ್ಬರು ಗಂಡುಮಕ್ಕಳು ಹುಟ್ಟುತ್ತಾರೆ, ನಿನ್ನ ಹೆಣ್ಣುಮಕ್ಕಳು ಸಂಗೀತದಲ್ಲಿ ಹೆಸರು ಮಾಡುತ್ತಾರೆ. ಮೊದಲೆರಡು ಫಲಿಸಿದವು. ಮೂರನೆಯದು ತಾನಾಗಿ ಫಲಿಸಲಿ ಎಂದು ಆಸ್ಟಿನ್ ಕಾಯಲಿಲ್ಲ. ಹುಡುಗಿಯರನ್ನು ಶಾಲೆ ಬಿಡಿಸಿದ, ಗಿಟಾರ್, ಡ್ರಮ್ ತಂದುಕೊಟ್ಟ, ಪಾಠಕ್ಕೆ ಹಾಕಿದ. ಓದು ಅಂಚೆ ಮೂಲಕ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಅಭ್ಯಾಸ, ರಾತ್ರಿ ಊಟವಾದ ಮೇಲೆ ಅಪ್ಪನ ಎದುರು ಮತ್ತೆ ಅಭ್ಯಾಸ, ಜೊತೆಗೆ ಕಸರತ್ತು. ಡೊರೊತಿ, ಅಂದರೆ ಡಾಟ್, ಹಾಡು ಕಟ್ಟುತ್ತಿದ್ದಳು, ಗಿಟಾರ್ ನುಡಿಸುತ್ತಿದ್ದಳು. ಇನ್ನೊಂದು ಗಿಟಾರ್ ಬೆಟ್ಟಿಯದು, ಡ್ರಮ್ ಹೆಲೆನ್‌ಳದು.

1968ರಲ್ಲಿ ಎಕ್ಸಿಟರ್‌ನ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಜನ ನಕ್ಕರು, ಸೋಡಾ ಡಬ್ಬಿ ಎಸೆದರು. ಅಪ್ಪ ಮಾತ್ರ ಇನ್ನಷ್ಟು ಅಭ್ಯಾಸ ಬೇಕು ಎಂದು ಮನೆಗೆ ಕರೆತಂದ. ಆಮೇಲೆ ಶನಿವಾರ ರಾತ್ರಿಗಳಲ್ಲಿ ಫ್ರೀಮಾಂಟಿನ ಟೌನ್ ಹಾಲ್‌ನಲ್ಲಿ ಅವರ ಕಾರ್ಯಕ್ರಮ ಶುರುವಾಯಿತು. ಊರ ಹುಡುಗರು ಕೆಣಕುತ್ತಲೇ ಬಂದರು, ಆದರೆ ಬರುವುದನ್ನು ಬಿಡಲಿಲ್ಲ.

1969ರ ಮಾರ್ಚ್‌ನಲ್ಲಿ ಆಸ್ಟಿನ್ ಮಕ್ಕಳನ್ನು ಕರೆದುಕೊಂಡು ಮ್ಯಾಸಚೂಸೆಟ್ಸ್‌ನ ರಿವಿಯರ್‌ಗೆ ಬಂದ. ರಿವಿಯರ್ ಬಾಸ್ಟನ್‌ಗೆ ತಾಗಿದಂತಿರುವ ಕಡಲೂರು. ಇಲ್ಲಿಂದ ಮೆಟ್ರೊದ ಬ್ಲೂ ಲೈನ್ ಹತ್ತಿದರೆ ಕಡಲ ಬದಿಯಲ್ಲೇ ಇಳಿಯಬಹುದು. ಅಲ್ಲಿನ ಫ್ಲೀಟ್‌ವುಡ್ ಸ್ಟುಡಿಯೋ ಕವಾಯತು ಮಾಡುವ ಡ್ರಮ್ ಮತ್ತು ಬ್ಯೂಗಲ್ ತಂಡಗಳ ರೆಕಾರ್ಡಿಂಗ್‌ಗೆ ಹೆಸರಾಗಿತ್ತು. ಹೆಜ್ಜೆಗೆ ಹೆಜ್ಜೆ ಕೂಡುವ ವಾದ್ಯ ಕೇಳಿ ಪಳಗಿದ ಕಿವಿಗಳಿಗೆ ಈ ಹುಡುಗಿಯರ ಲೆಕ್ಕ ಸಿಗಲೇ ಇಲ್ಲ. ಇವರಿನ್ನೂ ತಯಾರಾಗಿಲ್ಲ ಎಂದು ಸ್ಟುಡಿಯೋದವರು ಹೇಳಿದರೂ ಅಪ್ಪ ಕೇಳಲಿಲ್ಲ. ಹಾಡಿನ ನಡುವೆ ಹುಡುಗಿಯರು ತಾವಾಗಿಯೇ ನಿಲ್ಲಿಸಿ, ಯಾರೋ ತಪ್ಪಿದರು ಎಂದು ಮತ್ತೆ ಮೊದಲಿಂದ ಶುರುಮಾಡುತ್ತಿದ್ದರಂತೆ. ಎಲ್ಲಿ ತಪ್ಪಿದರೆಂದು ಗಾಜಿನ ಆಚೆ ಇದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅವರು ಬಾಯಿಗೆ ಬಂದದ್ದು ಹಾಡಿ, ಕೈಗೆ ಬಂದದ್ದು ಬಾರಿಸಿ ಹೋದವರಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ‘ಮೈ ಪಾಲ್ ಫುಟ್ ಫುಟ್’ ಎಂಬ ಹಾಡನ್ನೇ ತಗೊ. ಕಳೆದುಹೋದ ಬೆಕ್ಕನ್ನು ಹುಡುಕುವ ಹಾಡು. ಡಾಟ್‌ಳ ಬೆಕ್ಕಿನ ಹೆಸರು ಫುಟ್ ಫುಟ್. ಮೊದಲು ಹೆಲೆನ್‌ಳ ಡ್ರಮ್ ಒಂಟಿಯಾಗಿ ಬರುತ್ತದೆ. ಗಿಟಾರ್ ಸೇರಿದ ಮೇಲೂ ಡ್ರಮ್ ತನ್ನ ದಾರಿ ಬದಲಿಸುವುದಿಲ್ಲ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಶ್ರುತಿಯೂ ಅಷ್ಟಕ್ಕಷ್ಟೆ. ಆದರೆ ಡಾಟ್‌ಳ ಗಿಟಾರ್ ಕಡೆಗೆ ಕಿವಿಗೊಡು. ಕಚೇರಿಯಲ್ಲಿ ಪಿಟೀಲಿನವರು ಹಾಡುಗಾರರ ಬೆನ್ನಿಗೇ ಹೋಗುವ ಹಾಗೆ ಅದು ಅವಳ ಗಂಟಲು ಹೋದಲ್ಲೆಲ್ಲ ಹೋಗುತ್ತದೆ. ಸಾಲು ಉದ್ದವಾದರೆ ರಾಗವೂ ಉದ್ದ, ಸಾಲು ಮುಗಿದರೆ ರಾಗವೂ ಮುಗಿಯಿತು. ಮಾತನ್ನು ತಾಳಕ್ಕೆ ತಕ್ಕಂತೆ ಕತ್ತರಿಸುವ ಗೋಜೇ ಇಲ್ಲ. ಇಂಥ ಹನ್ನೆರಡು ಹಾಡುಗಳು, ಎಲ್ಲವೂ ಡಾಟ್‌ಳವೇ. ಅಪ್ಪ ಅಮ್ಮ ಯಾರು, ಸ್ಪೋರ್ಟ್ಸ್ ಕಾರು, ಹ್ಯಾಲೊವೀನ್ ಹಬ್ಬ: ಮನೆ ಬಿಟ್ಟು ಹೆಚ್ಚು ಹೊರಗೆ ಹೋಗದ ಹುಡುಗಿಗೆ ಕಂಡ ಲೋಕವೇ ಅವುಗಳ ವಸ್ತು.

‘ಫಿಲಾಸಫಿ ಆಫ್ ದ ವರ್ಲ್ಡ್’ ಎಂದು ಹೆಸರಿಟ್ಟು 1,000 ಪ್ರತಿ ಅಚ್ಚು ಹಾಕಿಸಿದರು. ಅದರಲ್ಲಿ 900 ಮನೆಗೆ ಬರಲೇ ಇಲ್ಲ ಎಂಬುದು ಎಲ್ಲ ಕಡೆ ಹೇಳುವ ಕಥೆ. (ಮುಂಗಡ ಕೊಡುವ ಮೊದಲು ಎಷ್ಟು ಪ್ರತಿ, ಯಾವತ್ತು ಎಂದು ನೀವು ಬರೆಸಿಕೊಳ್ಳಿ.) 1975ರಲ್ಲಿ ಅದೇ ಸ್ಟುಡಿಯೋದಲ್ಲಿ ಮತ್ತೆ ಹಾಡಿದರು. ಆ ಹೊತ್ತಿಗೆ ಕೈ ಪಳಗಿತ್ತು, ತಾಳ ಕೂಡಿತ್ತು. ನನಗೆ ಮಾತ್ರ ಮೊದಲಿನದೇ ಹೆಚ್ಚು ಇಷ್ಟ. ಅದೇ ವರ್ಷ ಆಸ್ಟಿನ್ ಹೃದಯಾಘಾತದಿಂದ ತೀರಿಕೊಂಡ. ಹುಡುಗಿಯರು ಬ್ಯಾಂಡ್ ನಿಲ್ಲಿಸಿಬಿಟ್ಟರು.

ಆಲ್ಬಂ ಮಾತ್ರ ಉಳಿಯಿತು. ಎನ್‌ಆರ್‌ಬಿಕ್ಯೂ ಎಂಬ ಬ್ಯಾಂಡಿನವರ ಕೈಗೆ ಒಂದು ಪ್ರತಿ ಸಿಕ್ಕಿ, ಅವರು ಹಟ ಹಿಡಿದು 1980ರಲ್ಲಿ ಅದನ್ನು ಮರುಬಿಡುಗಡೆ ಮಾಡಿಸಿದರು. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ತನ್ನ ಮೆಚ್ಚಿನ 50 ಆಲ್ಬಂಗಳ ಪಟ್ಟಿಯಲ್ಲಿ ಇದನ್ನೂ ಬರೆದಿಟ್ಟಿದ್ದ. 1999ರಲ್ಲಿ ಸೂಸನ್ ಆರ್ಲೀನ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಈ ಅಕ್ಕತಂಗಿಯರ ಬಗ್ಗೆ ದೀರ್ಘ ಲೇಖನ ಬರೆದರು. ಅದನ್ನು ಓದಿದರೆ ಆಸ್ಟಿನ್ ಬಗ್ಗೆ ಕನಿಕರ, ಕೋಪ ಎರಡೂ ಬರುತ್ತವೆ. ಮಕ್ಕಳ ಶಾಲೆ, ಗೆಳೆತನ, ಹರೆಯ ಎಲ್ಲವನ್ನೂ ಒಂದು ಭವಿಷ್ಯಕ್ಕೆ ಒತ್ತೆ ಇಟ್ಟದ್ದು ಸರಿ ಎಂದು ನಾನಂತೂ ಹೇಳಲಾರೆ. ಹಾಡುಗಳ ಶ್ರೇಯವೂ ಅವನದಲ್ಲ, ಡಾಟ್‌ಳದು. ಕೇಳಿ ಗೇಲಿ ಮಾಡುವವರು ಇವತ್ತಿಗೂ ಇದ್ದಾರೆ. ಆ ನಗುವನ್ನು ನನಗೆ ಸಹಿಸಲಾಗುವುದಿಲ್ಲ.

ಹೆಲೆನ್ 2006ರಲ್ಲಿ ತೀರಿಕೊಂಡಳು. ಡಾಟ್ 2013ರಲ್ಲಿ ಹೊಸಬರ ಜೊತೆ ಸೇರಿ ತನ್ನ ಹೆಸರಿನಲ್ಲೇ ಆಲ್ಬಂ ತಂದಳು. 2017ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್‌ನ ಸಂಗೀತೋತ್ಸವದಲ್ಲಿ ಡಾಟ್, ಬೆಟ್ಟಿ ಇಬ್ಬರೂ ಮತ್ತೆ ವೇದಿಕೆ ಹತ್ತಿದರು. ಈ ಸಲ ಜನ ಅವರನ್ನೇ ಕೇಳಲೆಂದು ಬಂದಿದ್ದರು.

ಹಾಡುಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಮೊದಲ ಸಲ ಡ್ರಮ್ ಒಂದನ್ನೇ ಹಿಡಿದು ಕೇಳು, ಎರಡನೇ ಸಲ ಗಿಟಾರ್. ನಿಮ್ಮ ಡ್ರಮ್ ಬಾರಿಸುವ ಹುಡುಗನಿಗೂ ಕಳಿಸು. ಅವನು ಏನೆಂದ ಎಂದು ಬರೆ. ಅಪ್ಪನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಅಕ್ಕ