ಹದ ಬಲ್ಲವರ ಊರು

ಇಂಗ್ಲೆಂಡಿನ ಶೆಫೀಲ್ಡ್ ನಗರದ ಈಶಾನ್ಯಕ್ಕೆ, ಡಾನ್ ನದಿಯ ಮಗ್ಗುಲಲ್ಲಿ, ಮೆಡೋಹಾಲ್ ಎಂಬ ಭಾರಿ ಮಾಲ್ ಇದೆ. ಬಾಗಿಲು ತೆರೆದದ್ದು 1990ರಲ್ಲಿ. ಅದು ಎದ್ದು ನಿಂತ ನೆಲ ಹ್ಯಾಡ್‌ಫೀಲ್ಡ್ಸ್ ಉಕ್ಕಿನ ಕಾರ್ಖಾನೆಯದು. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಮ್ಯಾಂಗನೀಸ್ ಉಕ್ಕಿನ ಗುಣವೇ ವಿಚಿತ್ರ. ಪೆಟ್ಟು ತಿಂದಷ್ಟೂ ಅದು ಗಟ್ಟಿಯಾಗುತ್ತದೆ. ರೈಲು ಹಳಿಗಳು ಕೂಡುವ ಜಾಗಕ್ಕೆ, ಕಲ್ಲು ಅರೆಯುವ ಕ್ರಷರಿನ ದವಡೆಗೆ ಇವತ್ತಿಗೂ ಅದೇ ಬೇಕು. ಉಕ್ಕು ಲೋಕದ ತುಂಬ ದುಡಿಯುತ್ತಿದೆ, ಅದರ ತವರುಮನೆಯಂತಿದ್ದ ಕಾರ್ಖಾನೆ 1983ರಲ್ಲಿ ಮುಚ್ಚಿಹೋಯಿತು.

ಕಾರ್ಖಾನೆ ಮುಚ್ಚುವುದು, ಮಾಲ್ ಏಳುವುದು ಎಲ್ಲ ಊರಲ್ಲೂ ನಡೆದಿದೆ. ಶೆಫೀಲ್ಡಿನ ಬಗ್ಗೆ ನನಗೆ ಸಂಕಟವಾಗುವುದಕ್ಕೆ ಬೇರೆ ಕಾರಣವಿದೆ. ಅಲ್ಲಿ ಕೈಬಲ್ಲವರೂ ಓದುಬಲ್ಲವರೂ ಒಂದೇ ಬೀದಿಯಲ್ಲಿ ಬಾಳಿದರು, ಒಬ್ಬರಿಂದೊಬ್ಬರು ಕಲಿತರು. ಆ ಒಡನಾಟ ಮುರಿದುಬಿದ್ದಿದೆ.

ಚಾಕು ಚೂರಿಗೆ ಆ ಊರು ಹೆಸರಾದದ್ದು ಬಹಳ ಹಿಂದೆ. 14ನೆಯ ಶತಮಾನದ ಕವಿ ಚಾಸರ್ ತನ್ನ ಕಥೆಯೊಂದರಲ್ಲಿ ಶೆಫೀಲ್ಡಿನ ಚಾಕುವನ್ನು ಹೆಸರಿಸಿದ್ದಾನೆ. ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳ ನೀರು ಸಾಣೆಗಲ್ಲುಗಳನ್ನು ತಿರುಗಿಸುತ್ತಿತ್ತು. ಆದರೆ ಅದನ್ನು ಉಕ್ಕಿನ ಊರಾಗಿ ಮಾಡಿದವನು ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್. ಸ್ಪ್ರಿಂಗ್ ಮಾಡಲು ಒಂದೇ ಹದದ ಉಕ್ಕು ಸಿಗದೆ ಬೇಸತ್ತ ಅವನು, 1740ರ ದಶಕದಲ್ಲಿ ಮಣ್ಣಿನ ಮೂಸೆಯೊಳಗೆ ಉಕ್ಕನ್ನು ಪೂರ್ತಿ ಕರಗಿಸಿ ಎರೆಯುವ ಕ್ರಮ ಕಂಡುಕೊಂಡ.

ಆ ಕೆಲಸ ನಡೆಯುತ್ತಿದ್ದ ಕುಲುಮೆಯೊಂದು ಅಬಿಡೇಲ್ ಎಂಬಲ್ಲಿ ಸಂಗ್ರಹಾಲಯವಾಗಿ ಉಳಿದಿದೆ. ಮೂಸೆಯ ಮಣ್ಣನ್ನು ಬರಿಗಾಲಿನಲ್ಲೇ ಗಂಟೆಗಟ್ಟಲೆ ತುಳಿಯುತ್ತಿದ್ದರು. ಒಂದು ಹರಳು, ಒಂದು ಗಾಳಿಗುಳ್ಳೆ ಉಳಿದರೂ ಮೂಸೆ ಬೆಂಕಿಯಲ್ಲಿ ಒಡೆಯುತ್ತಿತ್ತು. ಆ ಹರಳು ಪತ್ತೆಯಾಗುವುದು ಅಂಗಾಲಿಗೇ. ನೆನೆಸಿದ ಗೋಣಿತಾಟನ್ನು ಕಾಲಿಗೆ ಸುತ್ತಿಕೊಂಡ ಆಳು, ಕುಲುಮೆಯ ಬಾಯಿಯ ಮೇಲೆ ಕಾಲಗಲಿಸಿ ನಿಂತು, ಸುಮಾರು 1600 ಡಿಗ್ರಿ ಸೆಲ್ಸಿಯಸ್ ಕಾವಿನ ಮೂಸೆಯನ್ನು ಇಕ್ಕಳದಲ್ಲಿ ಮೇಲೆತ್ತುತ್ತಿದ್ದ. ಉಕ್ಕು ಹದಕ್ಕೆ ಬಂತೇ ಎಂದು ತಿಳಿಸುವ ಮಾಪಕ ಇರಲಿಲ್ಲ. ಹಿರಿಯ ಕುಲುಮೆಗಾರ ಮುಚ್ಚಳ ಸರಿಸಿ ಒಳಗೆ ಒಮ್ಮೆ ನೋಡುತ್ತಿದ್ದ. ಅವನ ಮಾತೇ ಕೊನೆಯ ಮಾತು.

ಇದೇ ಊರಿನ ಮಗ ಹೆನ್ರಿ ಕ್ಲಿಫ್ಟನ್ ಸೋರ್ಬಿ. ಮನೆತನದ ಆಸ್ತಿ ಇದ್ದುದರಿಂದ ಯಾರ ಕೆಳಗೂ ದುಡಿಯದೆ, ಮನೆಯಲ್ಲೇ ಪ್ರಯೋಗ ಮಾಡಿಕೊಂಡಿದ್ದವನು. 1863ರ ಹೊತ್ತಿಗೆ ಅವನು ಉಕ್ಕಿನ ತುಂಡೊಂದನ್ನು ಕನ್ನಡಿಯಷ್ಟು ನುಣುಪಾಗಿ ಉಜ್ಜಿ, ತೆಳು ಆಮ್ಲದಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟ. ಉಕ್ಕಿನೊಳಗೆ ಹರಳುಗಳಿವೆ, ಪದರಗಳಿವೆ ಎಂಬುದು ಕಣ್ಣಿಗೆ ಬಿತ್ತು. ಲೋಹದ ಒಳರಚನೆಯನ್ನು ಓದುವ ವಿಜ್ಞಾನ ಹುಟ್ಟಿದ್ದು ಹೀಗೆ. ಕುಲುಮೆಗಾರನ ಕಣ್ಣು ತಲೆಮಾರುಗಳಿಂದ ಬಲ್ಲ ಹದಕ್ಕೆ ಸೋರ್ಬಿ ಕಾರಣ ಹುಡುಕಿಕೊಟ್ಟ.

ಹ್ಯಾರಿ ಬ್ರೇರ್ಲಿಯಲ್ಲಿ ಈ ಎರಡೂ ಒಂದಾದವು. ಉಕ್ಕು ಕರಗಿಸುವ ಕೂಲಿಯ ಮಗ. 12ರ ವಯಸ್ಸಿಗೆ ಕೆಲಸಕ್ಕೆ ಸೇರಿ ಪ್ರಯೋಗಾಲಯದಲ್ಲಿ ಸೀಸೆ ತೊಳೆದ ಹುಡುಗ. ಅವನೇ ಮುಂದೆ ಒಂದು ಸಂಶೋಧನಾಲಯದ ಮುಖ್ಯಸ್ಥನಾಗಿ, 1913ರಲ್ಲಿ ಬಂದೂಕಿನ ನಳಿಗೆ ಸವೆಯದಂತೆ ಮಾಡುವ ದಾರಿ ಹುಡುಕುತ್ತ ಕ್ರೋಮಿಯಂ ಬೆರೆಸಿದ ಉಕ್ಕಿನ ಗುಣ ಕಂಡ. ಅದು ಆಮ್ಲಕ್ಕೆ ಜಗ್ಗಲಿಲ್ಲ, ತುಕ್ಕು ಹಿಡಿಯಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಹೆಸರು ಕೆತ್ತಿಸಿ ಜೋಡಿಸಿಟ್ಟ ಸ್ಟೀಲ್ ತಟ್ಟೆ, ಲೋಟ, ಡಬ್ಬಿಗಳ ವಂಶಾವಳಿಯಲ್ಲಿ ಬ್ರೇರ್ಲಿಯೂ ಇದ್ದಾನೆ.

ಅಂಥ ಊರಿಗೆ ವಿಶ್ವವಿದ್ಯಾಲಯ ಬೇಕೆಂದಾಗ ಕಾರ್ಖಾನೆಯ ಕೂಲಿಕಾರರು ಪೆನ್ನಿ ಪೆನ್ನಿ ಕೂಡಿಸಿ ಕೊಟ್ಟರು. 1905ರಲ್ಲಿ ಅದು ಆರಂಭವಾಯಿತು. ತಮ್ಮ ಮಕ್ಕಳು ಅಲ್ಲಿ ಓದಬೇಕು ಎಂಬ ಆಸೆ ಆ ಪುಡಿಗಾಸಿನಲ್ಲಿತ್ತು.

ಆ ಕಾಲವನ್ನು ಚಂದಗಾಣಿಸಿ ಬರೆದರೆ ಸತ್ತವರಿಗೆ ಅನ್ಯಾಯವಾಗುತ್ತದೆ. ನೀರು ಹಾಕದೆ ಸಾಣೆ ಹಿಡಿಯುತ್ತಿದ್ದ ಫೋರ್ಕ್ ಕೆಲಸಗಾರರು ಕಲ್ಲಿನ ದೂಳು ಕುಡಿದು ಮೂವತ್ತರ ಆಸುಪಾಸಿನಲ್ಲೇ ಸಾಯುತ್ತಿದ್ದರು. ಚಮಚ, ಫೋರ್ಕುಗಳಿಗೆ ಹೊಳಪು ಕೊಡುತ್ತಿದ್ದ ಹೆಂಗಸರು ಎಣ್ಣೆ-ಮರಳಿನ ಕೊಳೆ ತಡೆಯಲು ಮೈಗೆ ಕಂದು ಕಾಗದ ಸುತ್ತಿಕೊಂಡು ದುಡಿದರು. ಆ ದೂಳು ಹೋದದ್ದು ಒಳ್ಳೆಯದೇ. ದೂಳಿನ ಜೊತೆಗೆ ಕಸುಬೂ ಹೋಗಬೇಕಾಗಿರಲಿಲ್ಲ.

ಒಂದು ಕತ್ತರಿಯನ್ನೇ ನೋಡಿ. ಎರಡು ಅಲಗುಗಳನ್ನು ತಿರುಪು ಹಾಕಿ ಕೂಡಿಸಿದ ಮಾತ್ರಕ್ಕೆ ಅದು ಕತ್ತರಿಸುವುದಿಲ್ಲ. ಅಲಗುಗಳಿಗೆ ಕಂಡೂ ಕಾಣದಷ್ಟು ಬಾಗು ಇರಬೇಕು. ಮುಚ್ಚುವಾಗ ಅವು ಒಂದೇ ಒಂದು ಬಿಂದುವಿನಲ್ಲಿ ಮುಟ್ಟುತ್ತ, ಆ ಬಿಂದು ಬುಡದಿಂದ ತುದಿಯವರೆಗೆ ಜಾರಿಕೊಂಡು ಹೋಗಬೇಕು. ಶೆಫೀಲ್ಡಿನ ಕತ್ತರಿ ಜೋಡಿಸುವವನು ಅಲಗನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಡಿದು ಆ ಬಾಗು ತರುತ್ತಾನೆ. ಇದನ್ನು ಕಲಿಯಲು ವರ್ಷಗಳೇ ಬೇಕು. ಒಂದು ಕಾಲಕ್ಕೆ ಬೀದಿ ಬೀದಿಯಲ್ಲಿದ್ದ ಇಂಥ ಕಸುಬುದಾರರು ಈಗ ಬೆರಳೆಣಿಕೆಯಷ್ಟು.

ನಮಗೆ ಈ ನೋವು ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಕಮ್ಮಾರರು ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟ. ಆ ಕುಲುಮೆಗಳು ಮುಂದೆ ಆರಿಹೋದವು. ಆ ಕಮ್ಮಾರರು ಬಲ್ಲ ಹದಕ್ಕೆ ಕಾರಣ ಹುಡುಕಿಕೊಡುವ ಸೋರ್ಬಿಯೊಬ್ಬ ನಮ್ಮಲ್ಲಿ ಹುಟ್ಟಲಿಲ್ಲ. ಶೆಫೀಲ್ಡಿಗೆ ಅಂಥವನಿದ್ದ, ಪುಸ್ತಕಗಳಿದ್ದವು, ವಿಶ್ವವಿದ್ಯಾಲಯವಿತ್ತು. ಹಾಗಿದ್ದೂ ಕೈಗಳು ಖಾಲಿಯಾದವು. ಬರೆದಿಟ್ಟ ವಿದ್ಯೆಯೊಂದೇ ಕಸುಬನ್ನು ಕಾಯಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಎಲ್ಲವೂ ಅಳಿದಿಲ್ಲ. 1905ರ ರಿವರ್ ಡಾನ್ ಇಂಜಿನ್, 12,000 ಅಶ್ವಶಕ್ತಿಯ ಉಗಿಯಂತ್ರ, ಕೆಲ್ಹಮ್ ಐಲೆಂಡ್ ಸಂಗ್ರಹಾಲಯದಲ್ಲಿ ಈಗಲೂ ನೋಡುಗರ ಮುಂದೆ ತಿರುಗುತ್ತದೆ. ತುಕ್ಕು ಹಿಡಿಯದ ಚಾಕುಗಳು ಮೊದಲು ತಯಾರಾದ ಪೋರ್ಟ್‌ಲೆಂಡ್ ವರ್ಕ್ಸ್ ಕಟ್ಟಡವನ್ನು ಫ್ಲ್ಯಾಟುಗಳಾಗಲು ಬಿಡದೆ, 2013ರಲ್ಲಿ ಜನರೇ ಷೇರು ಹಾಕಿ ಕೊಂಡುಕೊಂಡರು. ಅಲ್ಲಿ ಕಸುಬುದಾರರು ಇಂದಿಗೂ ದುಡಿಯುತ್ತಿದ್ದಾರೆ. ಒಂದು ನೂರು ವರ್ಷಗಳ ಹಿಂದೆ ಪೆನ್ನಿ ಕೊಟ್ಟವರ ಗುಣ ಆ ಊರಿನ ರಕ್ತದಲ್ಲಿ ಇನ್ನೂ ಇದೆ.

ಆದರೂ ಯಂತ್ರ ಉಳಿಸುವುದು ಸುಲಭ. ಎಣ್ಣೆ ಹಾಕಿ ಬಣ್ಣ ಬಳಿದರೆ ನಿಲ್ಲುತ್ತದೆ. ಕೈಯ ವಿದ್ಯೆ ಇನ್ನೊಂದು ಕೈಗೆ ದಾಟಿದರೆ ಮಾತ್ರ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಬಲ್ಲವನ ಪಕ್ಕದಲ್ಲೊಂದು ಮಣೆ, ಅಲ್ಲಿ ಕುಳಿತು ಕಲಿಯುವವನಿಗೆ ಹೊಟ್ಟೆ ತುಂಬುವ ಸಂಬಳ, ಐದಾರು ವರ್ಷಗಳ ತಾಳ್ಮೆ. ಪರಂಪರೆಯ ಹೆಸರಿನಲ್ಲಿ ಕಟ್ಟಡಗಳಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಆ ಕಲಿಯುವವರಿಗೆ ಸಲ್ಲಬೇಕು. ಶೆಫೀಲ್ಡಿನಲ್ಲಿ ಅದಕ್ಕೆ ಇನ್ನೂ ಸಮಯವಿದೆ, ಕಲಿಸುವವರು ಬದುಕಿರುವವರೆಗೆ.